ಸ್ಪೇನವ್ವನಿಗೆ ಬರೆದ ಬೈಗುಳ

ತಪ್ಪು ಮಾಡಿದವಳು ನಿಗಾರ್. ಇನ್ನೊಬ್ಬರ ಮೇಲೆ ಹಾಕೋಣವೆಂದರೆ ಅಲ್ಲಿ ಇನ್ನೊಬ್ಬರು ಇರಲೇ ಇಲ್ಲ. ಮಾನ್ವಿಯ ಬಳೆಗಾರ್ತಿ ಮುನ್ನೀ ಬೀಯ ಮಗಳು ಆಕೆ. ಹೈದರಾಬಾದಿಗೆ ಹೋಗಿ ಸ್ಪ್ಯಾನಿಷ್ ಕಲಿತು ಬಂದಾಗ ಓಣಿಯವರು ಇದ್ಯಾವ ಭಾಷೆ, ಇದರಿಂದ ಅನ್ನ ಹುಟ್ಟುತ್ತದೆಯೇ ಎಂದು ಕೇಳಿದ್ದರು. ಹುಟ್ಟಿತು. ರಾಯಚೂರಿನ ಸ್ಟೇಷನ್ ರೋಡಿನಲ್ಲಿ ಒಂದು ಸಣ್ಣ ದತ್ತಿ ಸಂಸ್ಥೆ ಇತ್ತು. ಸ್ಪೇನಿನ ಮುದುಕ ಮುದುಕಿಯರು ದೇವದುರ್ಗ, ಮಾನ್ವಿ ಕಡೆಯ ಒಂದೊಂದು ಮಗುವಿನ ಓದಿಗೆ ಆಸರೆಯಾಗಿ ನಿಲ್ಲುತ್ತಿದ್ದರು. ಮಕ್ಕಳು ಅವರಿಗೆ ಕಾಗದ ಬರೆಯುವುದು, ಅವರು ಮಕ್ಕಳಿಗೆ ಬರೆಯುವುದು, ನಡುವೆ ಕೂತು ನಿಗಾರ್ ಎರಡನ್ನೂ ಅನುವಾದ ಮಾಡುವುದು. ನಾಲ್ಕು ವರ್ಷದಿಂದ ಅದೇ ಕೆಲಸ.

ದೇವದುರ್ಗದ ರಾಧಾಳ ಪಾಲಿಗೆ ಬಂದವಳು ದೋನ್ಯಾ ರೆಮೆದಿಯೋಸ್, ಎಂದರೆ ರೆಮೆದಿಯೋಸ್ ಅಮ್ಮನವರು, ಎಪ್ಪತ್ತು ದಾಟಿದ ಹೆಂಗಸು. ಅಷ್ಟುದ್ದದ ಹೆಸರು ಯಾರ ಬಾಯಿಗೂ ಹೊಂದದೆ ರಾಧಾಳ ಓಣಿಯವರೆಲ್ಲ ಆಕೆಯನ್ನು ಸ್ಪೇನವ್ವ ಅಂದುಬಿಟ್ಟರು. ಹನ್ನೊಂದು ವರ್ಷ ಸ್ಪೇನವ್ವ ಕಾಗದ ತಪ್ಪಿಸಿರಲಿಲ್ಲ. ಈಗ ರಾಧಾ ಪಿಯುಸಿ ಮುಗಿಸಿದ್ದಳು. ರಾಯಚೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು, ಓದಿಸಲು ಸ್ಪೇನವ್ವ ಒಪ್ಪಿದ್ದಳು.

ಆ ಶುಕ್ರವಾರ ಬೆಳಿಗ್ಗೆ ನಿಗಾರ್ ಕಂಪ್ಯೂಟರ್ ತೆರೆದಾಗ ಸ್ಪೇನವ್ವನ ಮೇಲ್ ಬಂದು ಕೂತಿತ್ತು.

"ಇಂಥ ಹುಡುಗಿಗೇ ನಾನು ಇಷ್ಟು ವರ್ಷ ಕಾಗದ ಬರೆದೆನೇ? ಹೆತ್ತ ಮನೆಯವರೇ ಹೀಗೆ ಹೇಳಿದ ಮೇಲೆ ನಾನು ಮುಂದೆ ಓದಿಸಲಾರೆ. ನೆರವು ಒಳ್ಳೆಯ ನಡತೆಯ ಇನ್ನೊಬ್ಬಳಿಗೆ ಹೋಗಲಿ. ಈ ಹುಡುಗಿಯನ್ನು ದೇವರೇ ಕಾಯಬೇಕು."

ನಿಗಾರ್ ಅದನ್ನು ಎರಡು ಸಲ ಓದಿದಳು. ತಾನೇ ಹಿಂದಿನ ವಾರ ಕಳಿಸಿದ್ದ ಪತ್ರವನ್ನು ತೆಗೆದು ನೋಡಿದಳು. ಸಂಸ್ಥೆಯಲ್ಲಿ ಒಂದು ಪದ್ಧತಿ ಇತ್ತು: ಕಾಲೇಜಿಗೆ ಕಳಿಸುವ ಮುಂಚೆ ಮನೆಯ ಹಿರಿಯರು ಮಗುವಿನ ಬಗ್ಗೆ ತಮ್ಮ ಬಾಯಿಂದ ನಾಲ್ಕು ಮಾತು ಹೇಳಬೇಕು, ಅದು ಒಂದಕ್ಷರ ಹೆಚ್ಚು ಕಡಿಮೆ ಆಗದೆ ಸ್ಪೇನಿಗೆ ಹೋಗಬೇಕು. ರಾಧಾಳಿಗೆ ತಾಯಿ ಇಲ್ಲ, ತಂದೆ ಎಲ್ಲಿದ್ದಾನೋ ಗೊತ್ತಿಲ್ಲ, ಇರುವವಳು ತಾಯಿಯ ತಾಯಿ ಆದೆಮ್ಮ ಒಬ್ಬಳೇ. ಸಂಸ್ಥೆಯ ಪರವಾಗಿ ಊರೂರು ತಿರುಗುವ ಹುಲಗಪ್ಪ ಆದೆಮ್ಮನ ಮಾತನ್ನು ಫೋನಿನಲ್ಲಿ ಹಿಡಿದು ಕಳಿಸಿದ್ದ. ಆ ಮಾತು ಇಷ್ಟೇ: "ಆಕಿ ಬಗ್ಗಿ ಏನ್ ಕೇಳ್ತೀರಿ? ಬಜಾರಿ ಅದಾಳ. ಕಳ್ಳಿ, ಲುಚ್ಚಿ. ಮನ್ಯಾಗ ಒಂದು ಚೂರು ಬೆಲ್ಲ ಉಳಸಂಗಿಲ್ಲ."

ಅವತ್ತು ಮೇಜಿನ ಮೇಲೆ ನಲವತ್ತು ಪತ್ರ ಬಾಕಿ ಇದ್ದವು. ನಿಗಾರ್ ಕೇಳಿದಳು, ಬರೆದಳು. ಕಳ್ಳಿಗೆ ಲದ್ರೋನಾ, ಅಂದರೆ ಕದಿಯುವುದೇ ಕಸುಬಾದವಳು. ಲುಚ್ಚಿಗೆ ಕನಾಯಾ. ಬಜಾರಿಗೆ ಗೋಲ್ಫಾ. ಗೋಲ್ಫೋ ಎಂದರೆ ಬೀದಿ ಅಲೆಯುವ ಪೋಲಿ ಹುಡುಗ, ಕಥೆಗಳಲ್ಲಿ ನೂರು ಸಲ ಓದಿದ್ದಳು. ಬಜಾರಿಯೂ ಬೀದಿ ಸುತ್ತುವವಳೇ ತಾನೇ ಎಂದು ಅದನ್ನೇ ಹೆಣ್ಣಿಗೆ ಹಚ್ಚಿದ್ದಳು. ಗಂಡಿಗೆ ಅಂದರೆ ನಗು ಬರುವ ಆ ಮಾತು ಹೆಣ್ಣಿಗೆ ಅಂದರೆ ಮಾನವನ್ನೇ ಕಳೆಯುತ್ತದೆ ಎಂಬುದನ್ನು ಈಗ, ದೊಡ್ಡ ನಿಘಂಟು ತೆರೆದು ನೋಡಿದಾಗ ತಿಳಿಯಿತು. ಕಳಿಸುವ ಮುಂಚೆ ನೋಡಬೇಕಿತ್ತು. ನೋಡಿರಲಿಲ್ಲ.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಮುದುಕಿಯರು ಮಕ್ಕಳನ್ನು ಯಾಕೆ ಬೈಯುತ್ತಾರೆ ಎಂದು ಬೇರೆ ಯಾರಿಗೆ ತಿಳಿಯದಿದ್ದರೂ ಇವಳಿಗೆ ತಿಳಿಯಬೇಕಿತ್ತು. ಎಂ.ಎ. ಪಾಸಾದ ದಿನ ಮುನ್ನೀ ಬೀ ಬಳೆ ಮಲಾರ ಕೆಳಗಿಟ್ಟು, ಬಾಗಿಲಲ್ಲಿ ನಿಂತ ನೆರೆಯವರಿಗೆ ಕೇಳುವಂತೆ "ಆಗಯೀ ನಿಕಮ್ಮಿ, ಕಿಸೀ ಕಾಮ್ ಕೀ ನೈಂ" ಎಂದು, ಅಂದರೆ ಯಾವ ಕೆಲಸಕ್ಕೂ ಬಾರದವಳು ಬಂದಳು ಎಂದು, ಮಗಳನ್ನು ಬೈದು, ಒಳಗೆ ಕರೆದುಕೊಂಡು ಹೋಗಿ ಅಪ್ಪಿಕೊಂಡು ಅತ್ತಿದ್ದಳು. ಹೊಗಳಿದರೆ ದೃಷ್ಟಿ ತಾಗುತ್ತದೆ, ಬೈದರೆ ಕೆಟ್ಟ ಕಣ್ಣು ಇತ್ತ ತಿರುಗುವುದಿಲ್ಲ. ಇಷ್ಟು ಗೊತ್ತಿದ್ದೂ ಕಿವಿ ಎಲ್ಲಿ ಹಾಳಾಗಿ ಹೋಗಿತ್ತು?

ಮ್ಯಾನೇಜರ್ ಪಂಪಾಪತಿಯವರ ಹತ್ತಿರ ಓಡಿದಳು. ಅವರು ಮೇಲ್ ಓದಿ ಕನ್ನಡಕ ತೆಗೆದರು.

"ನೋಡವಾ, ನೀ ಆಕಿ ಅಂದದ್ದನ್ನ ಬರದೀದಿ. ನಿಂದೇನ್ ತಪ್ಪು?"

"ನಂದ ತಪ್ಪು ಸರ್. ಆಕಿ ಅಂದದ್ದು ಹಗುರ ಮಾತು. ನಾ ಭಾರದ್ದು ಬರದೀನಿ."

"ಹಂಗಾದ್ರ ಬರಿ. ತಪ್ಪಾಗೇದ ಅಂತ ಬರಿ. ಆದ್ರ ನಂಬತಾರಂತ ನಂಗ ಅನ್ನಸಂಗಿಲ್ಲ."

ಅವರು ಹಾಗೆ ಹೇಳಲು ಕಾರಣವಿತ್ತು. ನಿಗಾರಳಿಗಿಂತ ಮುಂಚೆ ಮೀರಾಹುಸೇನ ಎಂಬುವನು ಈ ಕೆಲಸದಲ್ಲಿದ್ದ. ಪಾಪ, ಮೆದು ಮನಸ್ಸಿನವನು. ಶಾಲೆ ಬಿಟ್ಟ ಮಕ್ಕಳನ್ನೂ ಓದುತ್ತಿದ್ದಾರೆ ಎಂದು ಬರೆಯುತ್ತಿದ್ದ, ಮುದುಕಿಯರ ಮನಸ್ಸು ನೋಯಿಸಬಾರದೆಂದು. ಸಿಕ್ಕಿಬಿದ್ದ, ಕೆಲಸ ಹೋಯಿತು. ಅವನ ಸುಳ್ಳಿಗೆ ಮೋಸ ಹೋದವರಲ್ಲಿ ಸ್ಪೇನವ್ವನೂ ಒಬ್ಬಳು. ಆಮೇಲೆಯೇ ಅಕ್ಷರಕ್ಕೆ ಅಕ್ಷರ ಎಂಬ ನಿಯಮ ಬಂದದ್ದು. ನಿಗಾರ್ ನಾಲ್ಕು ವರ್ಷ ಆ ನಿಯಮವನ್ನು ಒಡವೆಯಂತೆ ಹಾಕಿಕೊಂಡು ತಿರುಗಿದ್ದಳು. ಒಂದು ಮಾತು ಸಿಹಿ ಮಾಡಿದವಳಲ್ಲ, ಒಂದು ಮಾತು ನುಂಗಿದವಳಲ್ಲ. ಅದೇ ಅವಳ ಹೆಮ್ಮೆ.

ಬರೆದಳು. ಸಂಸ್ಥೆಯ ಸ್ಪೇನಿನ ಆಫೀಸು ತೆರೆಯುವುದು ನಮ್ಮ ಹನ್ನೆರಡೂವರೆಗೆ. ಉತ್ತರಕ್ಕೆ ಕಾಯುತ್ತ ಕೂರುವ ತಾಳ್ಮೆ ಇಲ್ಲದೆ ದೇವದುರ್ಗದ ಬಸ್ಸು ಹತ್ತಿದಳು. ಗಬ್ಬೂರು ದಾಟುವ ಹೊತ್ತಿಗೆ ಫೋನಿಗೆ ಉತ್ತರ ಬಂತು. ದೋನ್ಯಾ ರೆಮೆದಿಯೋಸ್ ಈ ವಿವರಣೆಯನ್ನು ನಂಬುವುದಿಲ್ಲ. ಆಫೀಸಿನವರು ಮತ್ತೆ ಮುಚ್ಚಿಹಾಕುತ್ತಿದ್ದಾರೆ ಅನ್ನುತ್ತಾರೆ. ಅಜ್ಜಿಯೇ ಎದುರಿಗೆ ಬರಲಿ, ವಿಡಿಯೋದಲ್ಲಿ. ಮೊಮ್ಮಗಳು ಒಳ್ಳೆಯವಳೋ ಅಲ್ಲವೋ, ಆಕೆಯ ಬಾಯಿಂದಲೇ ಕೇಳುತ್ತಾರೆ. ಭಾರತದ ಐದು ಗಂಟೆಗೆ ಕರೆ. ಐದೂವರೆಗೆ ಆಫೀಸು ಮುಚ್ಚುತ್ತದೆ.

ಶನಿವಾರ ಸೀಟಿಗೆ ಕಡೇ ದಿನ. ಅಂದರೆ ಎಲ್ಲವೂ ಆ ಅರ್ಧ ಗಂಟೆಯೊಳಗೆ ಆಗಬೇಕು.

ಆಯಿತಲ್ಲ, ಅಜ್ಜಿ ಒಳ್ಳೆಯವಳು ಅಂದರೆ ಮುಗಿಯಿತು ಎಂದುಕೊಂಡಳು ನಿಗಾರ್. ಸ್ವಲ್ಪ ಉಸಿರೂ ಬಿಟ್ಟಳು. ಆದೆಮ್ಮ ಎಂಥವಳೆಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಊರ ಅಂಚಿನ ಆ ಮನೆಯ ಕಟ್ಟೆಯ ಮೇಲೆ ಆದೆಮ್ಮ ಖಡಕ್ ರೊಟ್ಟಿ ಪೇರಿಸಿ ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ನೂರು ರೊಟ್ಟಿ ಇದ್ದಾವು. ಪಕ್ಕದಲ್ಲಿ ಗೋಣಿಚೀಲ, ಅದರಲ್ಲಿ ಎರಡು ಜೊತೆ ಬಟ್ಟೆ, ಒಂದು ಚರಿಗೆ. ರಾಧಾ ಗೋಡೆಗೆ ಒರಗಿ ಕೂತಿದ್ದಳು. ಬೆಳಿಗ್ಗೆಯೇ ಹುಲಗಪ್ಪ ಫೋನ್ ಮಾಡಿ ಸ್ಪೇನವ್ವ ಒಲ್ಲೆ ಅಂದಳಂತೆ ಎಂದು ಹೇಳಿಬಿಟ್ಟಿದ್ದ. ಹುಡುಗಿ ದೂರದ ಸಂಬಂಧದ ಅತ್ತೆ ಹನುಮಂತಮ್ಮನ ಹತ್ತಿರ ಹೋಗಿ, ನಾನೂ ಗುಳೆ ಬರುತ್ತೇನೆ ಅಂದಿದ್ದಳು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ, ಇಟ್ಟಿಗೆ ಹೊರುವುದು. ಬಸ್ಸು ಸಂಜೆ ಐದೂವರೆಗೆ.

"ಬರ್ರಿ ಅಕ್ಕಾ," ಅಂದಳು ರಾಧಾ. ಕಣ್ಣು ಬಾತಿದ್ದವು.

ಆದೆಮ್ಮ ತಲೆ ಎತ್ತಲಿಲ್ಲ. "ಆ ಹೆಣ್ಮಗಳಿಗೆ ಏನ್ ಬರದೀಯವ್ವಾ ನೀನು? ಹನ್ನೊಂದ್ ವರ್ಷ ಇಲ್ಲದ ಸಿಟ್ಟು ಒಮ್ಮಿಗೇ ಯಾಕ ಬಂತು?"

ನಿಗಾರ್ ಕಟ್ಟೆಯ ಕೆಳಗೆ ನೆಲದ ಮೇಲೆಯೇ ಕೂತಳು. ಮುಚ್ಚಿಡುವುದು ಏನಿದೆ ಎಂದು ಎಲ್ಲ ಹೇಳಿದಳು. "ನೀವು ಬಜಾರಿ, ಕಳ್ಳಿ ಅಂದ್ರಿ. ಅವರ ಭಾಷಾದಾಗ ಅಂಥ ಮಾತು ಭಾಳ ಅದಾವ ಅಜ್ಜಿ. ಎಲ್ಲಾ ಒಂದ ಅಂತ ಕಾಣಸ್ತಾವ, ಒಂದಲ್ಲ."

"ಯಾವ್ಯಾವು?"

"ಪೀಕರಾ ಅಂದ್ರ ಚಾಲಾಕಿ ಹುಡುಗಿ. ಪಿಯಾ ಅಂದ್ರ ಬೆಲ್ಲ ತಿಂದು ಬಾಯಿ ಒರಿಸಿಕೊಂಡು ನಿಲ್ಲಾಕಿ. ಗ್ರಾನುಹಾ ಅಂದ್ರ ಅದಕ್ಕಿಂತ ಒಂದ್ ಕೈ ಮ್ಯಾಲ. ಆಟ ಹೂಡ್ತಾಳ, ಆದ್ರ ನೋಡಿದವರಿಗೆ ನಗಿ ಬರ್ತದ. ಸಿನ್ವೆರ್ಗುವೆನ್ಸಾ ಅಂದ್ರ ನಾಚಿಕಿಲ್ಲದಾಕಿ. ನಕ್ಕೋತ ಅಂದ್ರ ಹಗುರ, ಸಿಟ್ಟಿಲೆ ಅಂದ್ರ ಭಾರ. ಕನಾಯಾ ಅಂದ್ರ ನೀಚ ಮನಷ್ಯಾ. ಅದನ್ನ ನಕ್ಕೋತ ಅಂದ್ರೂ ಹೊಟ್ಟ್ಯಾಗ ಇಳೀತದ."

"ನೀ ಯಾವುದು ಬರದಿ?"

"ಕನಾಯಾ ಬರದೆ. ಮತ್ತ..." ನಿಗಾರ್ ರಾಧಾಳ ಕಡೆ ನೋಡಿ ತಲೆ ತಗ್ಗಿಸಿದಳು. "ಗೋಲ್ಫಾ ಅಂತ ಬರದೆ."

"ಅಂದ್ರ?"

"ಹಾದರದಾಕಿ ಅಂತ ಆಗ್ತದ ಅಜ್ಜಿ."

ಆದೆಮ್ಮನ ಕೈಯಲ್ಲಿದ್ದ ರೊಟ್ಟಿ ಮುರಿಯಿತು. ಕಟ್ಟೆಯಿಂದ ಇಳಿದು ಬಂದು ನಿಗಾರಳ ರಟ್ಟೆ ಹಿಡಿದು ಅಲುಗಿಸಿದಳು. "ಎಷ್ಟ್ ಓದೀಯಬೇ ನೀನು? ಆಂ? ಓದೀದಿ ಅಂತೀಯಲ್ಲ! ಕೂಸಿಗೆ ಅನ್ನೋ ಮಾತು ಬ್ಯಾರೆ, ಎತ್ತಿಗೆ ಅನ್ನೋ ಮಾತು ಬ್ಯಾರೆ, ಜಗಳದಾಗ ಕಂಡವರಿಗೆ ಅನ್ನೋ ಮಾತು ಬ್ಯಾರೆ. ಅಕ್ಷರ ಬರದ ನನಗ ಇದು ಗೊತ್ತದ, ನಿನಗ ಗೊತ್ತಿಲ್ಲೇನು? ನಿಮ್ಮವ್ವ ನಿನ್ನ ಬೈದ ಬೆಳಸಿಲ್ಲೇನು?"

ಬೈದೇ ಬೆಳೆಸಿದ್ದಾಳೆ ಎಂದು ನಿಗಾರ್ ಅತ್ತಳು. ಬಿಕ್ಕಿ ಬಿಕ್ಕಿ ಅತ್ತಳು. ರಾಧಾ ಎದ್ದು ನೀರು ತಂದುಕೊಟ್ಟಳು.

ಅತ್ತು ಮುಗಿದ ಮೇಲೆ ಕೇಳಿದಳು: "ಅಜ್ಜಿ, ಐದು ಗಂಟಿಗೆ ಸ್ಪೇನವ್ವ ಫೋನಿನ್ಯಾಗ ಕಾಣತಾರ. ನೀವು ಒಂದ ಮಾತು ಅನ್ರಿ. ರಾಧಾ ಒಳ್ಳೇಕಿ ಅನ್ರಿ. ಅಷ್ಟ ಸಾಕು, ಸೀಟು ಉಳೀತದ."

ಆದೆಮ್ಮ ತಿರುಗಿ ಕಟ್ಟೆ ಹತ್ತಿದಳು. ಮುರಿದ ರೊಟ್ಟಿಯನ್ನು ಪಕ್ಕಕ್ಕಿಟ್ಟು ಗಂಟು ಬಿಗಿದಳು. "ಅನ್ನಂಗಿಲ್ಲ," ಅಂದಳು.

"ಅಜ್ಜೀ!"

"ನಾಲಿಗಿ ಕೊಯ್ರಿ. ಅನ್ನಂಗಿಲ್ಲ."

ರಾಧಾ ಎದ್ದು ಒಳಗೆ ಹೋದಳು. ಅವಳಿಗೆ ಈ ಕಥೆ ಗೊತ್ತಿತ್ತು, ಮತ್ತೆ ಕೇಳಲು ಮನಸ್ಸಿರಲಿಲ್ಲ. ಆದೆಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಆಕಿ ತಾಯಿ, ನನ್ನ ಮಗಳು ದುರ್ಗಾದೇವಿ. ಅಂಗನವಾಡಿ ಟೀಚರ್ ಆದ್ಳು. ಈ ಓಣ್ಯಾಗ ಮೊದಲ ನೌಕರಿ ಅದು. ನನಗ ಸೊಕ್ಕು ಬಂತವ್ವಾ. ನಳದ ಮುಂದ ನಾಲ್ಕ್ ಮಂದ್ಯಾಗ ನಿಂತು, ನನ್ನ ಮಗಳಂಥಾಕಿ ಈ ಊರಾಗ ಯಾರದಾರ ಅಂದೆ. ಮೂರನೇ ದಿನ ಹತ್ತಿಕಟಗಿ ಬಣವ್ಯಾಗ ಕೈ ಹಾಕಿದ್ಳು, ಹಾವು ಕಡೀತು. ಇದು ವರ್ಷೊಪ್ಪತ್ತಿನ ಕೂಸು. ಅವತ್ತ ಆಣಿ ಮಾಡೀನಿ, ಇದರ ಬಗ್ಗಿ ಒಂದ್ ಚಲೋ ಮಾತು ನನ್ನ ಬಾಯಾಗ ಬರಂಗಿಲ್ಲ ಅಂತ. ಹೆಣ ಆಗೋ ನರ್ಸಿಗಿಂತ ಇಟ್ಟಂಗಿ ಹೊರೋ ಮೊಮ್ಮಗಳು ಇರ್ಲಿ ನನಗ."

ಅದು ಮೂಢನಂಬಿಕೆ, ಹಾವಿಗೂ ಹೊಗಳಿಕೆಗೂ ಸಂಬಂಧವಿಲ್ಲ ಎಂದು ನಿಗಾರ್ ಎರಡು ತಾಸು ಹೇಳಿದಳು. ಗೋಡೆಗೆ ಹೇಳಿದಂತಾಯಿತು. ಸುಳ್ಳು ಅನುವಾದ ಮಾಡಿಬಿಡಬಹುದಿತ್ತಲ್ಲ, ಮುದುಕಿ ಏನು ಬೈದರೂ ಹೊಗಳಿದಳು ಅಂದರೆ ಆಯಿತಲ್ಲ ಅನ್ನುತ್ತೀರೇನೋ. ಆ ದಾರಿಗೂ ಕಲ್ಲು ಬಿದ್ದಿತ್ತು. ಮೀರಾಹುಸೇನನ ಕಾಲದ ನಂತರ ಪ್ರತಿ ಕರೆಯೂ ರೆಕಾರ್ಡ್ ಆಗುತ್ತಿತ್ತು. ಸೋಮವಾರ ಹೈದರಾಬಾದಿನಲ್ಲಿ ಕನ್ನಡ ಬಲ್ಲ ಇನ್ನೊಬ್ಬರು ಕೂತು ಅದನ್ನು ಕೇಳುತ್ತಿದ್ದರು. ಅಜ್ಜಿ ಹೇಳದ ಮಾತನ್ನು ಹೇಳಿದಳೆಂದರೆ ಸೀಟೂ ಹೋಗುತ್ತಿತ್ತು, ರಾಧಾಳಿಗೆ ಮೋಸಗಾತಿಯ ಹೆಸರೂ ಬರುತ್ತಿತ್ತು.

ನಾಲ್ಕೂವರೆಗೆ ಹನುಮಂತಮ್ಮ ಬಂದು ಚೀಲ ಎತ್ತಿಕೊಂಡಳು. ಎಲ್ಲರೂ ಬಸ್ ಸ್ಟ್ಯಾಂಡಿಗೆ ನಡೆದರು. ದಾರಿಯಲ್ಲಿ ಆದೆಮ್ಮ ನಿಗಾರಳ ಪಕ್ಕಕ್ಕೆ ಬಂದು ಕೇಳಿದಳು.

"ಆ ಕಡೀ ಮಾತು ಏನಂದಿ? ಗೋಲ್ಫಾ?"

"ಹೌದು."

"ಅದಕ್ಕಿಂತ ದೊಡ್ಡ ಬೈಗುಳ ಅವರ ಕಡಿ ಇಲ್ಲೇನು?"

"ಹೆಣ್ಣಿಗೆ ಅನ್ನೋದ್ರಾಗ ನನಗ ಗೊತ್ತಿರೋದು ಅದ ದೊಡ್ಡದು. ಯಾಕ ಕೇಳ್ತೀರಿ ಅಜ್ಜಿ, ಬಿಡ್ರಿ."

ಆದೆಮ್ಮ ಬಿಟ್ಟವಳಂತೆ ಮುಂದೆ ನಡೆದಳು. ಆದರೆ ತುಟಿ ಅಲ್ಲಾಡುತ್ತಿದ್ದವು. ಆ ಮಾತನ್ನು ಬಾಯಿಗೆ ರೂಢಿ ಮಾಡಿಕೊಳ್ಳುತ್ತಿದ್ದಾಳೆಂದು ನಿಗಾರಳಿಗೆ ಹೊಳೆಯಲಿಲ್ಲ.

ಬಸ್ಸಿನ ಮೇಲೆ ಗಂಟುಮೂಟೆ ಏರುತ್ತಿದ್ದವು. ಮಕ್ಕಳು ಅಳುತ್ತಿದ್ದವು, ಕೊಡಗಳು ಒಂದಕ್ಕೊಂದು ಬಡಿಯುತ್ತಿದ್ದವು. ಐದಕ್ಕೆ ಫೋನು ರಿಂಗಾಗಲಿಲ್ಲ. ಐದೂ ಹತ್ತಕ್ಕೂ ಇಲ್ಲ. ನಿಗಾರ್ ಸಿಗ್ನಲ್ ಹುಡುಕುತ್ತ ಚಹಾದ ಅಂಗಡಿ ಮುಂದೆ, ಕಂಬದ ಕೆಳಗೆ, ಕಟ್ಟೆಯ ಮೇಲೆ ಹುಚ್ಚಿಯ ಹಾಗೆ ತಿರುಗಿದಳು. ಐದೂ ಹದಿನೆಂಟಕ್ಕೆ ರಿಂಗಾಯಿತು. ತೆರೆಯ ಮೇಲೆ ಬಿಳಿ ಕೂದಲ, ಕಪ್ಪು ಉಡುಪಿನ ಮುದುಕಿ. ಹಿಂದೆ ಗೋಡೆಯ ಮೇಲೆ ರಾಧಾಳ ಫೋಟೋ, ಎರಡು ಜಡೆಯ ಆರನೇ ವರ್ಷದ್ದು. ಪಕ್ಕದಲ್ಲಿ ಲ್ಯಾಪ್‌ಟಾಪ್ ಸಮೇತ ಆಕೆಯ ಮನೆಗೇ ಬಂದಿದ್ದ ಆಫೀಸಿನ ಮನುಷ್ಯ.

ಸ್ಪೇನವ್ವ ನಮಸ್ಕಾರ ಹೇಳಲಿಲ್ಲ. ನೇರವಾಗಿ ಕೇಳಿದಳು, ನಿಗಾರ್ ನೇರವಾಗಿ ತಿರುಗಿಸಿದಳು: "ಅಜ್ಜಿ, ಅವರು ಕೇಳಾಕತ್ತಾರ. ನಿಮ್ಮ ಮೊಮ್ಮಗಳು ಒಳ್ಳೇಕಿನೋ ಅಲ್ಲೋ?"

ಆದೆಮ್ಮ ಫೋನನ್ನು ನೋಡಿದಳು. ಆ ಮುದುಕಿಯ ಹಿಂದಿನ ಫೋಟೋ ನೋಡಿದಳು.

ಸ್ಪೇನವ್ವ ಇನ್ನೊಮ್ಮೆ ಕೇಳಿದಳು. ಆಫೀಸಿನ ಮನುಷ್ಯ ಗಡಿಯಾರ ನೋಡಿಕೊಂಡ.

"ಅಜ್ಜಿ, ಕಾಲ್ ಬೀಳ್ತೀನಿ," ಅಂದಳು ನಿಗಾರ್.

ಅತ್ತ ಹನುಮಂತಮ್ಮ ಕೂಗಿದಳು, "ರಾಧಾ, ಹತ್ತಬೇ, ಜಾಗ ಸಿಗಂಗಿಲ್ಲ!" ರಾಧಾ ಇತ್ತ ತಿರುಗಿಯೂ ನೋಡದೆ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಳು. ತಲೆಯ ಮೇಲೆ ರೊಟ್ಟಿಯ ಗಂಟಿತ್ತು, ಒಂದು ಕೈ ಅದನ್ನು ಹಿಡಿದಿತ್ತು. ಇಟ್ಟಿಗೆ ಹೊರುವವರು ಹಾಗೆಯೇ ಹಿಡಿಯುತ್ತಾರೆ. ಆದೆಮ್ಮ ಅದನ್ನು ಕಂಡಳು.

"ಒಳ್ಳೇಕಿ ಅದಾಳ," ಅಂದಳು. ದನಿಯೇ ಹೊರಡಲಿಲ್ಲ. ಗಂಟಲು ಸರಿಮಾಡಿಕೊಂಡು, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಒದರಿದಳು: "ಒಳ್ಳೇಕಿ ಅದಾಳವ್ವಾ ನನ್ನ ಮೊಮ್ಮಗಳು! ಬಂಗಾರ ಅದಾಳ! ತಾ ಉಪಾಸಿದ್ದು ನನಗ ಉಣ್ಣಾಕಿಟ್ಟಾಳ. ಅಂಥಾಕಿ ಈ ಊರಾಗ ಇಲ್ಲ!"

ರಾಧಾ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಹದಿನೇಳು ವರ್ಷದಲ್ಲಿ ಈ ಮಾತು ಕೇಳಿದವಳಲ್ಲ. ನಿಗಾರ್ ಅಕ್ಷರಕ್ಕೆ ಅಕ್ಷರ ಸ್ಪ್ಯಾನಿಷಿಗೆ ತಿರುಗಿಸಿದಳು. ಸ್ಪೇನವ್ವ ಕಣ್ಣು ಒರೆಸಿಕೊಂಡಳು. ಪಕ್ಕದವನಿಗೆ ತಲೆ ಆಡಿಸಿದಳು, ಅವನು ಕೀಲಿಮಣೆ ಕುಟ್ಟತೊಡಗಿದ.

ಅಷ್ಟರಲ್ಲಿ ಆದೆಮ್ಮನಿಗೆ ತಾನು ಅಂದದ್ದು ಏನೆಂದು ಗೊತ್ತಾಯಿತು. ಅಯ್ಯೋ ಎಂದು ಬಸ್ಸಿನ ಕಡೆ ಓಡಿದಳು, ರಾಧಾಳನ್ನು ಕೆಳಗೆಳೆದಳು, ಥೂ ಥೂ ಥೂ ಎಂದು ಮೂರು ಸಲ ಉಗಿದಳು, ಹಣೆಗೆ ಮಣ್ಣು ಬಳಿದಳು. ಬಜಾರಿ, ಕಳ್ಳಿ, ಲುಚ್ಚಿ ಎಂದಳು. ಅದು ಸಾಲದು ಅನ್ನಿಸಿತು. ಅಷ್ಟು ದೊಡ್ಡ ಹೊಗಳಿಕೆಯನ್ನು ತೊಳೆಯಲು ಅವಳ ಹತ್ತಿರ ಇದ್ದ ಮನೆಯ ಬೈಗುಳ ಸಾಲದು. ಆಗ ಎದೆ ಎದೆ ಬಡಿದುಕೊಳ್ಳುತ್ತ, ಅವತ್ತೇ ಕಲಿತ ಎಲ್ಲಕ್ಕಿಂತ ದೊಡ್ಡದನ್ನು ತೆಗೆದಳು.

"ಗೋಲ್ಫಾ! ಗೋಲ್ಫಾ! ಗೋಲ್ಫಾ!"

ಫೋನು ಇನ್ನೂ ನಿಗಾರಳ ಕೈಯಲ್ಲಿ ತೆರೆದೇ ಇತ್ತು.

ಆಚೆ ಸ್ಪೇನವ್ವ ತಟ್ಟನೆ ಮುಂದೆ ಬಾಗಿದಳು. ಆಫೀಸಿನವನ ಕೈ ನಿಂತಿತು. "ಆಕೆ ಈಗ ಏನೆಂದಳು?" ಎಂದು ಕೇಳಿದಳು ಸ್ಪೇನವ್ವ. "ಆ ಮಾತು ನಾನು ಕೇಳಿದೆ. ಅದೇ ಮಾತು."

ನಾಲ್ಕು ವರ್ಷ ಒಂದಕ್ಷರ ತಿರುಚದ ನಿಗಾರ್ ಒಂದು ಉಸಿರು ಎಳೆದುಕೊಂಡಳು. ಇದೂ ರೆಕಾರ್ಡಿನಲ್ಲಿ ಇರುತ್ತದೆ, ಸೋಮವಾರ ಕೇಳುವವರು ಕೇಳುತ್ತಾರೆ, ಮಂಗಳವಾರದ ಹೊತ್ತಿಗೆ ಮೀರಾಹುಸೇನನಿಗೆ ಆದದ್ದೇ ತನಗೂ ಆಗುತ್ತದೆ. ಅಜ್ಜಿಯ ಸಾಕ್ಷಿ ನಿಜ, ಅದನ್ನು ಯಾರೂ ಅಳಿಸಲಾರರು. ಸುಳ್ಳು ತನ್ನದೊಂದೇ.

"ಇಲ್ಲ ದೋನ್ಯಾ," ಅಂದಳು ಸ್ಪ್ಯಾನಿಷಿನಲ್ಲಿ. "ಅದು ನಿಮ್ಮ ಮಾತಲ್ಲ, ಈ ಊರಿನ ಮಾತು. ದನಿ ಮಾತ್ರ ಒಂದೇ. ಅಜ್ಜಿಯಂದಿರು ಮಕ್ಕಳನ್ನು ಹಾಗೆ ಕರೆಯುತ್ತಾರೆ. ನನ್ನ ಮಗಳೇ ಅಂತ."

ಸ್ಪೇನವ್ವ ತೆರೆಗೆ ಮುಖ ಹತ್ತಿರ ತಂದು ನೋಡಿದಳು. ತೆರೆಯ ಮೂಲೆಯಲ್ಲಿ ಆದೆಮ್ಮ ಮೊಮ್ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅದೇ ಮಾತನ್ನು ಅಳುತ್ತ ಹೇಳುತ್ತಲೇ ಇದ್ದಳು. ಆಮೇಲೆ ಸ್ಪೇನವ್ವ ಪಕ್ಕದವನ ಭುಜ ತಟ್ಟಿದಳು. ಕಳಿಸು ಅಂದಳು. ರಾಧಾ ಮುತ್ತಿನಂಥ ಹುಡುಗಿ, ಬಿಳಿ ಸಮವಸ್ತ್ರದ ಫೋಟೋ ಕಳಿಸಲಿ, ಈ ಹಳೆಯದರ ಪಕ್ಕದಲ್ಲಿ ಹಾಕುತ್ತೇನೆ ಎಂದೂ ಅಂದಳು. ಐದೂ ಇಪ್ಪತ್ತೇಳಕ್ಕೆ ಒಪ್ಪಿಗೆಯ ಮೇಲ್ ಬಂತು.

ಬಸ್ಸು ಹೊರಟಿತು. ರೊಟ್ಟಿಯ ಗಂಟು ಹನುಮಂತಮ್ಮನ ಜೊತೆ ಹೋಯಿತು. ರಾಧಾ ಹಣೆಯ ಮಣ್ಣನ್ನೂ ಒರೆಸಿಕೊಳ್ಳದೆ ಕಟ್ಟೆಯ ಮೇಲೆ ಕೂತಿದ್ದಳು. ಆದೆಮ್ಮ ನಿಗಾರಳ ಹತ್ತಿರ ಬಂದಳು, ಇನ್ನೂ ಏದುಸಿರು ಬಿಡುತ್ತಿದ್ದಳು.

"ಕಡೀಕೆ ಏನಂದ್ಳವ್ವಾ ಆಕಿ? ಏನೋ ಉದ್ದಕ ಅಂದ್ಳಲ್ಲ. ಹೊಗಳಿದ್ಳೇನು? ಖರೇ ಹೇಳು."

ಮುದುಕಿಯ ಕಣ್ಣಲ್ಲಿದ್ದ ಭಯವನ್ನು ನಿಗಾರ್ ನೋಡಿದಳು.

"ಇಲ್ಲ ಅಜ್ಜಿ," ಅಂದಳು. "ಬೈದ್ರು. ಬಜಾರಿ, ಕಳ್ಳಿ, ಲುಚ್ಚಿ ಅಂತ ಬಾಯಿಗೆ ಬಂದಂಗ ಬೈದ್ರು."

ಆದೆಮ್ಮ ಉಸಿರು ಬಿಟ್ಟು ಕೆಳಗೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಚಲೋ ಹೆಣ್ಮಗಳು," ಅಂದಳು. "ಮಕ್ಕಳನ್ನ ಸಾಕಿದಾಕಿ ಕಾಣ್ತಾಳ."